ಒಂಬತ್ತು ಸಲ ‘ಮನಸ್ಸಿಲ್ಲ’

(ಮಡಿಕೇರಿಯಲ್ಲಿ ಮಳೆಗಾಲದ ಒಂದು ಶನಿವಾರ ಸಂಜೆ, ಓದುಗ ಗೆಳೆಯರ ಕೂಟದಲ್ಲಿ ಆಡಿದ ಮಾತು. ಬರೆದಿಡುವಾಗ ಕೆಲವು ಕಡೆ ಬೆಳೆದಿದೆ, ಕೆಲವು ಕಡೆ ಕತ್ತರಿ ಬಿದ್ದಿದೆ. ಕೊನೆಯ ನಾಲ್ಕು ಸಾಲು ಆಮೇಲಿನದು.)

ಎಲ್ಲರಿಗೂ ನಮಸ್ಕಾರ. ಹೊರಗೆ ಸುರಿಯುತ್ತಿರುವುದನ್ನು ನೋಡಿದರೆ ಇಷ್ಟು ಜನ ಬಂದದ್ದೇ ಹೆಚ್ಚು. ಕರೆಂಟ್ ಹೋದರೆ ಹೋಗಲಿ, ಮೈಕ್ ಇಲ್ಲದಿದ್ದರೂ ನನ್ನ ದನಿ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಅದೊಂದು ವಿದ್ಯೆ ಮಾತ್ರ ನನಗೆ ಚೆನ್ನಾಗಿ ಬರುತ್ತದೆ.

ಕರೆದವರು ವಿಷಯವನ್ನೂ ಕೊಟ್ಟೇ ಕರೆದರು: ಮೊದಲ ಮ್ಯಾರಥಾನ್‌ಗೆ ತಯಾರಿ ಮಾಡುವಾಗ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ. ‘ಮೋಟಿವೇಶನ್ ಮಾತು ಸಾರ್, ಜನರನ್ನು ಎಬ್ಬಿಸಿಬಿಡಬೇಕು’ ಅಂದರು ಫೋನಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೇನೆ. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಒಬ್ಬ ಹುಡುಗನನ್ನೂ ಎಬ್ಬಿಸಲು ಆಗಿಲ್ಲ ನನಗೆ. ಹಾಗಾಗಿ ಎಬ್ಬಿಸುವ ಮಾತು ಬೇಡ. ಅದರ ಬದಲು ಈ ನೋಟ್‌ಬುಕ್ ತಂದಿದ್ದೇನೆ. ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್. ಅರ್ಧ ಪುಟಗಳು ನೀರು ಕುಡಿದು ಉಬ್ಬಿವೆ, ನೋಡಿ.

ಇದರಲ್ಲಿ ಹದಿನೆಂಟು ವಾರದ ಲೆಕ್ಕ ಇದೆ. ವಾರಕ್ಕೆ ನಾಲ್ಕು ಓಟ, ಒಟ್ಟು 72. ಓಡಿದ್ದು 55, ತಪ್ಪಿದ್ದು 17. ತಪ್ಪಿದ ದಿನ ಎದುರಿಗೆ ಒಂದೆರಡು ಪದದಲ್ಲಿ ಕಾರಣ ಬರೆಯುತ್ತಿದ್ದೆ. ‘ಮಳೆ ಗಾಳಿ’ ನಾಲ್ಕು ಸಲ, ‘ಆನೆ’ ಎರಡು ಸಲ, ‘ಶಾಲೆ ಕೆಲಸ’ ಎರಡು ಸಲ. ಉಳಿದ ಒಂಬತ್ತು ಕಡೆ ಒಂದೇ ಪದ: ‘ಮನಸ್ಸಿಲ್ಲ’. ಇವತ್ತು ಮಾತಾಡಬೇಕು ಅಂತ ಹೊರಟದ್ದು ಈ ಒಂಬತ್ತರ ಬಗ್ಗೆ.

ಮೊದಲು, ಇದಕ್ಕೆ ಸಿಕ್ಕಿಬಿದ್ದದ್ದು ಹೇಗೆ ಅಂತ ಎರಡು ಮಾತು. ನನ್ನ ಅಕ್ಕನ ಮಗ ಚೆನ್ನೈನಲ್ಲಿದ್ದಾನೆ. ಆಗಸ್ಟ್‌ನಲ್ಲಿ ಫೋನ್ ಮಾಡಿ, ‘ಮಾವ, ಜನವರಿಯಲ್ಲಿ ಇಲ್ಲಿ ಮ್ಯಾರಥಾನ್ ಇದೆ, ನನ್ನ ಹೆಸರಿನ ಜೊತೆ ನಿಮ್ಮದೂ ಹಾಕಿದ್ದೀನಿ’ ಅಂದ. ಅದಕ್ಕೆ ಮುಂಚೆ ಎರಡು ವರ್ಷದಿಂದ ಐದು, ಆರು ಕಿಲೋಮೀಟರ್ ಓಡಿಕೊಂಡಿದ್ದೆ, ಅಷ್ಟೇ. ನನಗಾಗ 46 ವರ್ಷ. ಹಣ ಕಟ್ಟಿಯಾಗಿತ್ತು, ವಾಪಸ್ ಬರುವುದಿಲ್ಲವಂತೆ. ಹಾಸನದ ಕಡೆಯವನು ನಾನು, ಕಟ್ಟಿದ ಹಣ ಬಿಡುವ ಪೈಕಿ ಅಲ್ಲ. (ಅಳಿಯ ಕೊನೆಗೆ ಓಡಲೇ ಇಲ್ಲ. ಆಫೀಸಿನವರು ಆ ವಾರ ಅವನನ್ನು ಪುಣೆಗೆ ಕಳಿಸಿದರು. ಇವತ್ತಿಗೂ ಆ ವಿಷಯ ಎತ್ತಿದರೆ ಮಾತು ಬದಲಿಸುತ್ತಾನೆ.)

ಇನ್ನು ಹದಿನೆಂಟು ವಾರ. ಸೆಪ್ಟೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ. ಕೊಡಗಿನಲ್ಲಿ ಇದಕ್ಕಿಂತ ಕೆಟ್ಟ ಹದಿನೆಂಟು ವಾರ ಹುಡುಕಿದರೂ ಸಿಗಲಾರವು. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ, ಅಂದರೆ ಮೊದಲ ವಾರದಲ್ಲೇ ಸಹೋದ್ಯೋಗಿಗಳ ಮನೆಯಲ್ಲಿ ಕಡಂಬುಟ್ಟು, ಅಕ್ಕಿಯ ಉಂಡೆ. ಆಮೇಲೆ ದಸರಾ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯ ತೀರ್ಥೋದ್ಭವ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಭತ್ತದ ಸುಗ್ಗಿ ಹಬ್ಬ ಪುತ್ತರಿ. ಅದು ಮುಗಿಯುವ ಮುಂಚೆಯೇ ಅರೇಬಿಕಾ ಕೊಯ್ಲು. ತೋಟ ಇರುವವರಿಗೆ ಆಗ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ನನಗೆ ತೋಟ ಇಲ್ಲ, ಆದರೆ ನಮ್ಮ ಮಕ್ಕಳಲ್ಲಿ ಅರ್ಧ ಜನ ತೋಟದ ಮನೆಗಳವರು, ತೋಟದ ಕಾರ್ಮಿಕರ ಲೈನ್ ಮನೆಗಳವರು. ತೋಟದ ಕೆಲಸ ಬಿದ್ದಾಗ ಹಾಜರಿ ಏರುಪೇರು, ಬಿಟ್ಟುಹೋದ ಪಾಠ ಮತ್ತೆ ಹೇಳಬೇಕು.

ಮೊದಲ ಐದು ವಾರ ಚೆನ್ನಾಗಿ ನಡೆಯಿತು. ಹೊಸ ಬೂಟು, ಹೊಸ ಪುಸ್ತಕ. ಆರನೇ ವಾರದಿಂದ ‘ಮನಸ್ಸಿಲ್ಲ’ ಶುರು. ಅಲಾರಂ ಹೊಡೆಯುತ್ತದೆ, ಎದ್ದು ಕೂರುತ್ತೇನೆ, ಬೂಟಿನ ಲೇಸು ಕೈಯಲ್ಲಿದೆ, ಕೈ ಕಟ್ಟುವುದಿಲ್ಲ. ‘ನನಗೆ ಛಲ ಇಲ್ಲ, ನಾನು ಮೊದಲಿಂದಲೂ ಹೀಗೇ, ಕಾಲೇಜಿನಲ್ಲಿ ಟೈಪಿಂಗ್ ಕ್ಲಾಸನ್ನೂ ಹೀಗೇ ಬಿಟ್ಟೆ’ ಅಂತ ಹಳೆಯ ಕಡತಗಳೆಲ್ಲ ಹೊರಗೆ ಬಂದವು. ಯೂಟ್ಯೂಬ್‌ನಲ್ಲಿ ಹುರಿದುಂಬಿಸುವ ವಿಡಿಯೋಗಳನ್ನು ನೋಡಿದೆ. ನೋಡುತ್ತ ಕೂತಷ್ಟು ಹೊತ್ತು ರಕ್ತ ಕುದಿಯುತ್ತದೆ, ಎದ್ದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಹದಿನೊಂದನೇ ವಾರ, ಒಂದು ಭಾನುವಾರ ಮಧ್ಯಾಹ್ನ, ಈ ಪುಸ್ತಕ ಹರಡಿಕೊಂಡು ಕೂತೆ. ಮಕ್ಕಳಿಗೆ ಲೆಕ್ಕ ತಪ್ಪಾದಾಗ ಏನು ಹೇಳುತ್ತೇನೆ? ಉತ್ತರ ನೋಡಬೇಡ, ಹಿಂದಿನ ಸಾಲು ನೋಡು. ಅದನ್ನೇ ಮಾಡಿದೆ. ‘ಮನಸ್ಸಿಲ್ಲ’ ಅಂತ ಬರೆದ ಪ್ರತಿ ದಿನದ ಹಿಂದಿನ ಎರಡು ದಿನ ಏನಾಗಿತ್ತು ಅಂತ ಓದಿದೆ. ಅಲ್ಲಿಯವರೆಗೆ ಏಳು ಇದ್ದವು. ಆಮೇಲೆ ಸೇರಿದ ಎರಡನ್ನೂ ಸೇರಿಸಿ ಈಗ ಹೇಳುತ್ತೇನೆ. ನಾಲ್ಕು, ಹಿಂದಿನ ದಿನ ಅಳತೆ ಮೀರಿ ಜೋರಾಗಿ ಓಡಿದ್ದಕ್ಕೆ. ಎರಡು, ನಿದ್ದೆ ಕೆಟ್ಟದ್ದಕ್ಕೆ. ಎರಡು, ಊಟ ಕಡಿಮೆ ಮಾಡಿದ್ದಕ್ಕೆ. ಕಾರಣವೇ ಇಲ್ಲದೆ ಬಂದದ್ದು ಒಂದೇ ಒಂದು. ಮನಸ್ಸಿನ ಖಾತೆಗೆ ನಾನು ಬರೆದಿದ್ದ ಒಂಬತ್ತು ಸಾಲದಲ್ಲಿ ಎಂಟು ಕಾಲಿನದು, ಕಣ್ಣಿನದು, ಹೊಟ್ಟೆಯದು.

ಆ ನಾಲ್ಕರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಅದರಲ್ಲಿ ನಮ್ಮೂರಿನ ಪಾಲೂ ಇದೆ.

ಈ ಜಿಲ್ಲೆಯಲ್ಲಿ ನಿಧಾನವಾಗಿ ಓಡುವುದು ಸುಲಭವಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಅಜ್ಜಂದಿರಿಂದ ಹಿಡಿದು ಶಾಲೆ ಮಕ್ಕಳವರೆಗೆ ಒಂದೇ ಮನೆಯ ತಂಡದಲ್ಲಿ ಆಡುವ ಊರು ಇದು. ಓಟ ಅಂದರೆ ಇಲ್ಲಿನವರ ಕಣ್ಣಿಗೆ ಕಟ್ಟುವುದು ಅಶ್ವಿನಿ ನಾಚಪ್ಪ. ರಸ್ತೆ ಬದಿ ಕಟ್ಟೆಯ ಮೇಲೆ ಕೂತ ಯಾವ ಹಿರಿಯರನ್ನು ಕೇಳಿದರೂ ‘ನಾವು ಆಡ್ತಿದ್ದ ಕಾಲದಲ್ಲಿ’ ಅಂತಲೇ ಶುರು, ಮತ್ತು ನಿಜವಾಗಿಯೂ ಆಡಿದವರೇ ಅವರು! ಅಂಥವರ ಮುಂದೆ ನಾನು ಕಿಲೋಮೀಟರಿಗೆ ಎಂಟು ನಿಮಿಷದ ಹಾಗೆ ಜೊಂಪು ಹಿಡಿದ ಎತ್ತಿನಂತೆ ಹೋಗಬೇಕು. ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ದಿನವೂ ಸಿಗುವ ನಿವೃತ್ತ ಸುಬೇದಾರರು ಒಬ್ಬರಿದ್ದಾರೆ. ಒಂದು ಬೆಳಿಗ್ಗೆ ‘ಏನ್ ಮೇಷ್ಟ್ರೇ, ಓಟವೋ ನಡಿಗೆಯೋ?’ ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಬಿದ್ದ ಕೂಡಲೇ ಕಾಲಿಗೆ ಕಿಚ್ಚು ಹತ್ತಿತು. ರಾಜಾಸೀಟಿನ ಏರಿನವರೆಗೂ ಉಸಿರು ಬಿಗಿಹಿಡಿದು ಓಡಿದೆ. ಮರುದಿನ ಪುಸ್ತಕದಲ್ಲಿ ‘ಮನಸ್ಸಿಲ್ಲ’. ನಾಲ್ಕರಲ್ಲಿ ಎರಡು ಸಲ ಹೀಗೆ, ಯಾರೋ ನೋಡುತ್ತಿದ್ದಾರೆ ಅಂತ ಓಡಿದ್ದು.

ಏರಿಗಿಂತ ಇಳಿಜಾರು ದೊಡ್ಡ ಮೋಸಗಾರ ಅನ್ನುವುದೂ ಆಗಲೇ ಗೊತ್ತಾದದ್ದು. ಏರುವಾಗ ಏದುಸಿರು ಬರುತ್ತದೆ, ಹಾಗಾಗಿ ನಾವೇ ನಿಧಾನವಾಗುತ್ತೇವೆ. ಇಳಿಯುವಾಗ ಉಸಿರು ಹಾಯಾಗಿರುತ್ತದೆ, ಆದರೆ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಕುತ್ತ, ಹಿಗ್ಗುತ್ತಲೇ ಭಾರ ತಡೆಯಬೇಕು. ಅದರ ನೋವು ಆ ಹೊತ್ತಿಗೆ ತಿಳಿಯುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಮಂಗಳವಾರ ಇಳಿದದ್ದಕ್ಕೆ ಗುರುವಾರ ಮನಸ್ಸು ಬರುವುದಿಲ್ಲ. ನಡುವೆ ಒಂದು ದಿನ ಇರುವುದರಿಂದ ಎರಡಕ್ಕೂ ಸಂಬಂಧ ಇದೆ ಅಂತಲೇ ಅನ್ನಿಸುವುದಿಲ್ಲ.

ನಿಧಾನ ಓಟದ ಪಾಠಕ್ಕೆ ಒಂದು ಹಳೆಯ ಕಥೆ ಇದೆ. 1960ರ ರೋಮ್ ಒಲಿಂಪಿಕ್ಸ್ ಅಂದರೆ ನಮಗೆ ನೆನಪಾಗುವುದು 400 ಮೀಟರಿನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದದ್ದು. ಅದೇ ಕೂಟದಲ್ಲಿ ನ್ಯೂಜಿಲೆಂಡ್ ಎಂಬ ಸಣ್ಣ ದೇಶದ ಇಬ್ಬರು ಒಂದೇ ದಿನ ಚಿನ್ನ ಗೆದ್ದರು, 800 ಮೀಟರಿನಲ್ಲಿ ಪೀಟರ್ ಸ್ನೆಲ್, 5000 ಮೀಟರಿನಲ್ಲಿ ಮರ್ರೆ ಹಾಲ್ಬರ್ಗ್. ಇಬ್ಬರ ಗುರು ಆರ್ಥರ್ ಲಿಡಿಯಾರ್ಡ್. ಬೂಟಿನ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಆತ ತನ್ನ ಹುಡುಗರನ್ನು ಭಾನುವಾರ ಆಕ್ಲೆಂಡ್ ಪಕ್ಕದ ಬೆಟ್ಟಗಳಲ್ಲಿ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ಓಡಿಸುತ್ತಿದ್ದ. ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆಯ ಸ್ನೆಲ್‌ಗೂ ಅದೇ ಬೆಟ್ಟ. ಮುಂದೆ ಅದೇ ಲಿಡಿಯಾರ್ಡ್ ಆಕ್ಲೆಂಡಿನ ನಡುವಯಸ್ಸಿನ ಹೊಟ್ಟೆ ಬಂದ ಗಂಡಸರನ್ನು ಸೇರಿಸಿಕೊಂಡು ಜಾಗಿಂಗ್ ಗುಂಪು ಕಟ್ಟಿದ. ಅವರಿಗೆ ಹೇಳಿಕೊಟ್ಟದ್ದು ಮಾತಾಡಿಕೊಂಡು ಓಡಲು ಆಗುವ ವೇಗ. ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ ಅದನ್ನು ನೋಡಿ, ಜೊತೆಗೆ ಓಡಿ, ತನ್ನ ದೇಶಕ್ಕೆ ಒಯ್ದ. ಇವತ್ತು ನಾವು ಜಾಗಿಂಗ್ ಅನ್ನುವುದರ ಒಂದು ಬೇರು ಅಲ್ಲಿದೆ.

ಒಬ್ಬನೇ ಓಡುವವನು ಯಾರ ಜೊತೆ ಮಾತಾಡಬೇಕು? ನಾನು ಮಗ್ಗಿ ಹೇಳತೊಡಗಿದೆ. ಹದಿಮೂರರ ಮಗ್ಗಿ. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಒಂದು ಸಾಲಿನ ನಡುವೆ ಉಸಿರು ಕತ್ತರಿಸಿತೋ, ಕಾಲು ನಿಧಾನ ಮಾಡಬೇಕು. ವಾಚಿನ ಮಾತು ಕೇಳುವುದನ್ನು ಬಿಟ್ಟೆ. ಮಡಿಕೇರಿಯಲ್ಲಿ ಕಿಲೋಮೀಟರ್ ಲೆಕ್ಕ ಇಡುವುದನ್ನೂ ಬಿಟ್ಟೆ. ಕುಶಾಲನಗರದ ಐದು ಕಿಲೋಮೀಟರೂ ನಮ್ಮ ಐದು ಕಿಲೋಮೀಟರೂ ಒಂದೇ ಅಲ್ಲ. ವಾರದ ಮೂರು ದಿನ ಬರೀ ನಿಮಿಷದ ಲೆಕ್ಕ: ಇವತ್ತು ಮಗ್ಗಿಯ ವೇಗದಲ್ಲಿ ನಲವತ್ತೈದು ನಿಮಿಷ. ತಾಳತ್ತಮನೆ ಕಡೆ ಹೋದರೂ ಸರಿ, ಶಾಲೆಯ ಮೈದಾನವನ್ನೇ ಸುತ್ತಿದರೂ ಸರಿ. ಎರಡೇ ವಾರದಲ್ಲಿ ಬೆಳಿಗ್ಗೆ ಲೇಸು ಕಟ್ಟುವಾಗ ಕೈ ತಡವರಿಸುವುದು ನಿಂತಿತು. ಛಲ ಹುಟ್ಟಿತೇ? ಇಲ್ಲಪ್ಪ. ಕಾಲು ನೋಯುತ್ತಿರಲಿಲ್ಲ, ಅಷ್ಟೇ.

ಸುಬೇದಾರರು ಆಮೇಲೂ ಕೇಳುತ್ತಿದ್ದರು. ‘ಮಗ್ಗಿ ಸಾರ್’ ಅನ್ನುತ್ತಿದ್ದೆ. ಮೇಷ್ಟ್ರಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಇನ್ನು ನಿದ್ದೆ. ಎರಡರಲ್ಲಿ ಒಂದು, ಅರ್ಧವಾರ್ಷಿಕ ಪರೀಕ್ಷೆಯ ಪೇಪರು. ಅದನ್ನು ಬಿಡಿ. ಇನ್ನೊಂದು ನಿಮಗೆಲ್ಲ ಅರ್ಥವಾಗುತ್ತದೆ: ವಿಜಯದಶಮಿಯ ರಾತ್ರಿ. ಹತ್ತು ದೇವಸ್ಥಾನಗಳ ದಶಮಂಟಪ ಮೆರವಣಿಗೆ ಬರುವಾಗ ಮಡಿಕೇರಿಯಲ್ಲಿ ಮಲಗುವವರು ಯಾರಿದ್ದಾರೆ? ಹತ್ತೂ ಮಂಟಪ ನೋಡಿ, ಕಿವಿಯಲ್ಲಿ ಇನ್ನೂ ಡೋಲು ಹೊಡೆಯುತ್ತಿರುವಾಗ ಮನೆಗೆ ಬಂದಾಗ ಬೆಳಕು ಹರಿದಿತ್ತು. ಅದಾದ ಮರುದಿನ ‘ಮನಸ್ಸಿಲ್ಲ’ ಅಂತ ಬರೆದ ಮಹಾನುಭಾವ ನಾನು! ಆ ಪುಟ ಓದುವಾಗ ನನಗೇ ನಗು ಬಂತು. ಹಬ್ಬದ ಮರುದಿನ ಓಟ ಇಡಬಾರದು, ಅದಕ್ಕೆ ಛಲ ಬೇಡ, ಕ್ಯಾಲೆಂಡರ್ ಬೇಕು. ಪುತ್ತರಿಯ ವಾರ ನಾಲ್ಕು ಓಟವನ್ನು ಮೊದಲೇ ಎರಡಕ್ಕೆ ಇಳಿಸಿದೆ, ಉಳಿದ ಎರಡನ್ನು ಬೇರೆ ವಾರಗಳಿಗೆ ಹಂಚಿದೆ. ತಪ್ಪಿಸಿಕೊಂಡೆ ಅನ್ನುವ ಭಾವನೆಯೇ ಬರಲಿಲ್ಲ. ಅಲ್ಲದೆ ಮೂರು ವಾರ ಏರಿಸಿದ ಮೇಲೆ ನಾಲ್ಕನೇ ವಾರ ಇಳಿಸುವುದು ಓಟಗಾರರ ಹಳೆಯ ರೂಢಿ. ಎದೆ, ಉಸಿರು ಕೆಲವೇ ವಾರದಲ್ಲಿ ಪಳಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ಪಳಗಲು ತಿಂಗಳುಗಳು ಬೇಕು. ಎದೆ ‘ನಡಿ’ ಅಂದಾಗಲೆಲ್ಲ ಹೋದರೆ ಹಿಮ್ಮಡಿಯವರು ತಕರಾರು ಎತ್ತುತ್ತಾರೆ.

ಊಟದ ವಿಷಯ ಕಂಡುಹಿಡಿದವರು ನಮ್ಮ ಮನೆಯವರು. ತೂಕ ಇಳಿದರೆ ಓಟ ಹಗುರ ಅಂತ ಯಾರೋ ಹೇಳಿದ್ದಕ್ಕೆ ರಾತ್ರಿ ಅನ್ನ ಬಿಟ್ಟಿದ್ದೆ, ಬರೀ ಪಲ್ಯ, ಮಜ್ಜಿಗೆ. ಎರಡು ದಿನವಾದ ಮೇಲೆ ಬೆಳಿಗ್ಗೆ ಮಂಚದ ತುದಿಯಲ್ಲಿ ಕೂತು ‘ಯಾಕೋ ಬೇಜಾರು’ ಅಂದೆ. ‘ನಿಮಗೆ ಬೇಜಾರಲ್ಲ ರೀ, ಹಸಿವು’ ಅಂದರು. ಎರಡು ಅಕ್ಕಿ ರೊಟ್ಟಿ ತಿಂದ ಮೇಲೆ ಬೇಜಾರು ಎಲ್ಲಿತ್ತು ಅಂತ ಹುಡುಕಬೇಕಾಯಿತು. ವಾರದ ಹಿಂದೆಯೇ ಇದೇ ತಪ್ಪು ಒಮ್ಮೆ ಆಗಿತ್ತು ಅಂತ ಪುಸ್ತಕ ಹೇಳಿತು.

ಇದರ ಲೆಕ್ಕ ಬಹಳ ಸರಳ, ಒಂದು ನಿಮಿಷ ಕೊಡಿ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಒಂದು ಕಿಲೋಗೆ, ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲೊರಿ ಖರ್ಚು. ನನ್ನ ತೂಕ 68. ಮ್ಯಾರಥಾನ್ 42.195 ಕಿಲೋಮೀಟರ್. ಗುಣಿಸಿದರೆ 2,800ರ ಮೇಲೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000. ಕೊರತೆಯನ್ನು ಕೊಬ್ಬು ತುಂಬುತ್ತದೆ, ಆದರೆ ಕೊಬ್ಬು ನಿಧಾನವಾಗಿ ಉರಿಯುವ ಹಸಿ ಸೌದೆ. ಜೋರಾಗಿ ಓಡಿದಷ್ಟೂ ಗ್ಲೈಕೋಜನ್ ಬೇಗ ಖಾಲಿ. 30 ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಡಿಕ್ಕಿ ಹೊಡೆದ ಹಾಗಾಗುತ್ತದೆ ಅಂತ ಓಡಿದವರು ಹೇಳುವುದು ಇದನ್ನೇ. ಆಗ ಬರುವ ಮೊದಲ ಲಕ್ಷಣ ಏನು ಗೊತ್ತೇ? ಕಾಲು ನೋವಲ್ಲ. ‘ಯಾಕೆ ಬೇಕಿತ್ತು ಇದೆಲ್ಲ’ ಅನ್ನುವ ವೈರಾಗ್ಯ. ಮೆದುಳಿಗೂ ಸಕ್ಕರೆಯೇ ಊಟ.

(42.195 ಎಂಬ ಅಂಕಿ ಎಲ್ಲಿಂದ ಬಂತು ಅಂತ ಸಭೆಯಲ್ಲಿ ಒಬ್ಬರು ಕೇಳಿದರು. 1896ರ ಅಥೆನ್ಸ್‌ನಲ್ಲಿ ದೂರ ಸುಮಾರು 40 ಕಿಲೋಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದೆ ಮುಗಿಯುವ ಹಾಗೆ ಅಳೆದರು. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ಯಾರದೋ ಅರಮನೆಯ ಬಾಗಿಲಿಗೆ ನಾವು ಇವತ್ತಿಗೂ ಎರಡು ಕಿಲೋಮೀಟರ್ ಹೆಚ್ಚು ಓಡುತ್ತಿದ್ದೇವೆ.)

ಭಾನುವಾರದ ಉದ್ದದ ಓಟಕ್ಕೆ ಕುಶಾಲನಗರಕ್ಕೆ ಹೋಗುತ್ತಿದ್ದೆ. ನಮಗಿಂತ ಸುಮಾರು 300 ಮೀಟರ್ ಕೆಳಗೆ, ಮಳೆಯೂ ಕಡಿಮೆ, ರಸ್ತೆ ಹೆಚ್ಚುಕಡಿಮೆ ಸಮ. ಮುಂಜಾನೆಯ ಕೆಂಪು ಬಸ್ಸು ಹತ್ತಿ, ಸುಂಟಿಕೊಪ್ಪದವರೆಗೆ ತೂಕಡಿಸಿ, ಇಳಿದು ಕೂಡಿಗೆ ದಾಟಿ ಹೆಬ್ಬಾಲೆ ಕಡೆಗೆ. ಬೆಳಕಾದ ಮೇಲೆಯೇ ಓಡಲು ಶುರು. ಶುಂಠಿ ಹೊಲ, ಜೋಳದ ಹೊಲ, ಹಾಲಿನ ಡೈರಿಗೆ ಕ್ಯಾನು ಹೊತ್ತ ಸೈಕಲ್ಲು. ಮೊದಲ ಭಾನುವಾರ ಹನ್ನೆರಡು ಕಿಲೋಮೀಟರ್, ಹೀಗೇ ಏರಿ ಏರಿ ಡಿಸೆಂಬರ್ ನಡುವೆ ಮೂವತ್ತು. ಕೂಡಿಗೆಯಲ್ಲಿ ಕ್ರೀಡಾ ಶಾಲೆ ಇದೆಯಲ್ಲ, ಒಂದು ದಿನ ಹುಡುಗರ ದಂಡು ಹಿಂದಿನಿಂದ ಬಂದು ಗಾಳಿಯ ಹಾಗೆ ದಾಟಿತು. ಕೊನೆಯವನು ಮಾತ್ರ ನನ್ನ ಪಕ್ಕ ಹತ್ತು ಹೆಜ್ಜೆ ನಿಧಾನವಾಗಿ, ‘ಎಷ್ಟು ದೂರ ಅಂಕಲ್?’ ಅಂದ. ಇಪ್ಪತ್ತಾರು ಅಂದೆ. ಅವನು ಕಣ್ಣರಳಿಸಿ ಒಂದು ಸಲ ನನ್ನ ಹೊಟ್ಟೆ ನೋಡಿ ಓಡಿಹೋದ. ಇಡೀ ತಿಂಗಳು ನನ್ನನ್ನು ನಡೆಸಿದ್ದು ಆ ಅರಳಿದ ಕಣ್ಣು. ಹೊಟ್ಟೆ ನೋಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸೊಂಟದ ಚೀಲದಲ್ಲಿ ನೇಂದ್ರ ಬಾಳೆಹಣ್ಣು, ಬೆಲ್ಲದ ತುಂಡು, ಉಪ್ಪು ಹಾಕಿದ ನಿಂಬೆ ಪಾನಕ. ಕಡಲೆ ಮಿಠಾಯಿ ಒಯ್ಯಬೇಡಿ, ಓಡುತ್ತ ಅಗಿಯಲು ಹೋದರೆ ಗಂಟಲಿಗೆ ಸಿಕ್ಕುತ್ತದೆ, ನಾನು ಕೆಮ್ಮಿ ಕೆಮ್ಮಿ ಒಂದು ಎಮ್ಮೆಯನ್ನು ಬೆದರಿಸಿದ್ದೇನೆ. ನೀರು ಕಡಿಮೆಯಾಗುವುದು ಎಷ್ಟು ಕೆಟ್ಟದ್ದೋ, ಬಾಯಾರಿಕೆಯಿಲ್ಲದೆ ಬರೀ ನೀರು ಸುರಿದುಕೊಂಡು ರಕ್ತದ ಸೋಡಿಯಂ ಇಳಿಸಿಕೊಳ್ಳುವುದೂ ಅಷ್ಟೇ ಅಪಾಯ.

ಮಳೆ, ಆನೆ, ಜಿಗಣೆ ಬಗ್ಗೆ ಹೇಳಿ ಅಂದಿದ್ದೀರಿ. ಬೇಗ ಹೇಳಿಬಿಡುತ್ತೇನೆ. ಮಳೆಯಲ್ಲಿ ಓಡಬಹುದು, ಗುಡುಗು ಇದ್ದರೆ, ಮರ ಬೀಳುವ ಗಾಳಿ ಇದ್ದರೆ ಬೇಡ. ಒದ್ದೆ ಬೂಟಿಗೆ ಹಳೆಯ ಪೇಪರು ತುರುಕಿಡಿ. ಹಂಡೆ ಒಲೆಯ ಪಕ್ಕ ಮಾತ್ರ ಇಡಬೇಡಿ, ನನ್ನದು ಅಟ್ಟೆ ಕಿತ್ತು ಬಾಯಿ ಬಿಟ್ಟಿತು. ಜಿಗಣೆಗೆ ಉಪ್ಪು. ಆನೆಗೆ ಉಪಾಯವಿಲ್ಲ. ತೋಟದ ರಸ್ತೆಯಲ್ಲಿ ಕತ್ತಲಲ್ಲಿ ಓಡಬೇಡಿ, ಆನೆ ಇದೆ ಅಂತ ವಾಟ್ಸಾಪಿನಲ್ಲಿ ಬಂದರೆ ಅವತ್ತು ಮನೆಯಲ್ಲೇ ಇರಿ, ಪುಸ್ತಕದಲ್ಲಿ ‘ಆನೆ’ ಅಂತ ಬರೆಯಿರಿ. ಅದು ಮರ್ಯಾದೆಯ ಕಾರಣ. ನಲವತ್ತು ದಾಟಿದವರು ಶುರು ಮಾಡುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಎದೆ ತೋರಿಸಿಕೊಳ್ಳಿ. ವಯಸ್ಸಾಯಿತು ಅಂತ ಮಾತ್ರ ಹೇಳಬೇಡಿ. ನಮ್ಮ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಟೆನಿಸ್ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದಾಗ ಅವರಿಗೆ 43.

ಉಳಿದದ್ದು ಆ ಒಂಬತ್ತನೆಯದು. ಕಾರಣವಿಲ್ಲದ್ದು. ಓಟಕ್ಕೆ ಹತ್ತು ದಿನ ಇತ್ತು. ಕೊನೆಯ ಎರಡು ಮೂರು ವಾರ ದೂರ ಇಳಿಸಬೇಕು, ನಾನೂ ಇಳಿಸಿದ್ದೆ. ಚೆನ್ನಾಗಿ ಮಲಗಿದ್ದೆ, ಉಂಡಿದ್ದೆ, ಕಾಲು ಹಗುರಾಗಿತ್ತು. ಆದರೂ ಬೆಳಿಗ್ಗೆ ಎದ್ದಾಗ ಇಡೀ ಕೆಲಸ ಅರ್ಥವಿಲ್ಲದ್ದು ಅನ್ನಿಸಿತು. ಹಿಂದಿನ ಸಾಲು, ಅದರ ಹಿಂದಿನ ಸಾಲು ಎಲ್ಲ ನೋಡಿದೆ, ಏನೂ ಸಿಗಲಿಲ್ಲ. ಹೆದರಿಕೆ ಇದ್ದಿರಬಹುದು. ಅವತ್ತು ಓಡಲಿಲ್ಲ. ಕಾಫಿ ಕುಡಿದು, ಕಿಟಕಿಯಲ್ಲಿ ಮಂಜು ನೋಡುತ್ತ ಕೂತೆ. ಅಂಥ ಒಂದು ದಿನಕ್ಕೆ ಯಾವ ಮದ್ದೂ ನನ್ನ ಹತ್ತಿರ ಇಲ್ಲ. ಆದರೆ ಅಂಥದ್ದು ಒಂಬತ್ತರಲ್ಲಿ ಒಂದು ಅಂತ ಗೊತ್ತಿದ್ದುದರಿಂದ ಮರುದಿನ ಎದ್ದೆ.

ಚೆನ್ನೈ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಕೇಳಬಂದದ್ದು ತಯಾರಿಯ ಬಗ್ಗೆ. ಬೆಳಕಾಗುವ ಮುಂಚೆ ಹೊರಟೆವು. ರಸ್ತೆ ಬೋರ್ಡಿನ ಹಾಗೆ ಸಮ. ಆದರೆ ನಮ್ಮ ಮಂಜಿನಲ್ಲಿ ಪಳಗಿದ ಮೈಗೆ ಆ ಕಡಲ ಗಾಳಿ ಒದ್ದೆ ಕಂಬಳಿ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಮೂವತ್ತಮೂರನೇ ಕಿಲೋಮೀಟರಿನಲ್ಲಿ ಹದಿಮೂರೆಂಟ್ಲಿ ಎಷ್ಟು ಅನ್ನುವುದು ಹೊಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸು! ನಡೆದೆ. ಬೆಲ್ಲ ಬಾಯಿಗೆ ಹಾಕಿಕೊಂಡು, ಎದೆಯ ಮೇಲೆ ನೀರು ಸುರಿದುಕೊಂಡು ಒಂದಷ್ಟು ದೂರ ನಡೆದ ಮೇಲೆ ನೂರಾನಾಲ್ಕು ಅಂತ ಬಂತು, ಮತ್ತೆ ಓಡಿದೆ. ಐದು ಗಂಟೆ ಮೂವತ್ತೆಂಟು ನಿಮಿಷ. ಅಷ್ಟು ಹೊತ್ತಿನಲ್ಲಿ ಗೆದ್ದವನು ಸ್ನಾನ ಮಾಡಿ, ಊಟ ಮಾಡಿ, ಮಲಗಿ ಎದ್ದಿರುತ್ತಾನೆ.

ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಒಬ್ಬರು, ‘ಸಾರ್, ಹಿಂದಿನ ದಿನ ಓಡದೇ ಇದ್ದರೂ ನಂಗೆ ಮನಸ್ಸು ಬರಲ್ಲ, ಐದಕ್ಕೆ ಎದ್ದು ತಿಂಡಿ, ಮಕ್ಕಳ ಡಬ್ಬಿ, ಅತ್ತೆಗೆ ಮಾತ್ರೆ, ಅದಾದ ಮೇಲೆ ಯಾವ ಓಟ?’ ಅಂದರು. ನಾನು ಲೆಕ್ಕ ಹಾಕುವಾಗ ಬೆಳಿಗ್ಗೆ ಐದರಿಂದ ಎಂಟರವರೆಗಿನ ಕೆಲಸ ನಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದರು ಅಂತ ಬರೆದೇ ಇಲ್ಲ. ನೋಟ್‌ಬುಕ್ ತಿರುವಿ ನೋಡಿದೆ, ಹದಿನೆಂಟು ವಾರದಲ್ಲಿ ಒಂದು ಸಾಲೂ ಇಲ್ಲ. ಅವರಿಗೆ ಅದನ್ನೇ ಹೇಳಿದೆ. ಅವರು ನಕ್ಕು, ‘ಹಾಗಾದ್ರೆ ಭಾನುವಾರ ಸಂಜೆ ಮಾಡ್ತೀನಿ ಬಿಡಿ, ಆವಾಗ ಅವ್ರು ಮನೇಲಿರ್ತಾರೆ’ ಅಂದರು.

ಸಭೆ ಮುಗಿದ ಮೇಲೆ ಮೂವರು ಬಂದು, ಮರುದಿನ ಭಾನುವಾರ ಕುಶಾಲನಗರದ ಮೊದಲ ಬಸ್ಸಿಗೆ ನಾವೂ ಬರುತ್ತೇವೆ ಅಂದರು. ಒಬ್ಬರು ಬಂದರು. ಬ್ಯಾಂಕಿನಲ್ಲಿರುವ ತರುಣ, ಕಾಲೇಜಿನಲ್ಲಿ ಹಾಕಿ ಆಡಿದವರು. ಮಗ್ಗಿಯ ವಿಷಯ ಬಸ್ಸಿನಲ್ಲಿ ಮತ್ತೊಮ್ಮೆ ಹೇಳಿದೆ, ‘ಗೊತ್ತಾಯ್ತು ಸಾರ್’ ಅಂದರು. ಓಡಲು ಶುರು ಮಾಡಿ ಹದಿಮೂರ್ಮೂರ್ಲಿಗೆ ಬರುವಷ್ಟರಲ್ಲಿ ಅವರು ತಿರುವಿನಲ್ಲಿ ಮರೆಯಾಗಿದ್ದರು. ಕೂಡಿಗೆಯ ಹತ್ತಿರ ಸಿಕ್ಕರು, ಮೈಲಿಗಲ್ಲಿನ ಮೇಲೆ ಕೂತು ಬೂಟು ಬಿಚ್ಚಿಕೊಂಡು.